ದಿನ ತುಂಬದ ಮಗುವಿಗೆ ಎಷ್ಟು ದಿನ ಆಂಟಿಬಯಾಟಿಕ್?

ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ದೀರ್ಘಕಾಲ ಆಂಟಿಬಯಾಟಿಕ್ ಕೊಡುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ನನ್ನ ಮಗ 29ನೇ ವಾರಕ್ಕೇ ಹುಟ್ಟಿದ, ತೂಕ 1150 ಗ್ರಾಂ. ಮೊದಲ ದಿನದಿಂದ ಆಂಪಿಸಿಲಿನ್, ಜೆಂಟಾಮೈಸಿನ್ ಕೊಡುತ್ತಿದ್ದಾರೆ. ಬ್ಲಡ್ ಕಲ್ಚರ್‌ನಲ್ಲಿ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆದಿಲ್ಲವಂತೆ. ಆದರೂ ಇಂದಿಗೆ ಒಂಬತ್ತನೇ ದಿನ. ಇದು ಸರಿಯೇ?

ಉತ್ತರ: ಶುರು ಮಾಡಿದ್ದು ಸರಿ. ದಿನ ತುಂಬುವ ಮೊದಲೇ ಹೆರಿಗೆಯಾಗುವುದಕ್ಕೆ ಎಷ್ಟೋ ಸಲ ಗರ್ಭಕೋಶದೊಳಗಿನ ಸೋಂಕೇ ಕಾರಣ. ಇಷ್ಟು ಚಿಕ್ಕ ಮಗುವಿಗೆ ನಂಜೇರಿದರೆ ಜ್ವರ ಬರಲೇಬೇಕೆಂದಿಲ್ಲ. ಉಸಿರು ನಡುನಡುವೆ ನಿಲ್ಲುವುದು, ಮೈ ತಣ್ಣಗಾಗುವುದು, ಹಾಲು ಜೀರ್ಣವಾಗದೆ ಹೊಟ್ಟೆ ಉಬ್ಬುವುದು, ಇವೇ ಸುಳಿವು. ತೊಂದರೆಯೆಂದರೆ ಸೋಂಕಿಲ್ಲದ ಅವಧಿಪೂರ್ವ ಶಿಶುಗಳಲ್ಲೂ ಇವು ಕಾಣಿಸುತ್ತವೆ. ಕಾದು ನೋಡೋಣವೆಂದರೆ ಕೆಲವೇ ಗಂಟೆಗಳಲ್ಲಿ ಪರಿಸ್ಥಿತಿ ಕೈಮೀರಬಹುದು. ಅದಕ್ಕೇ ರಕ್ತ ಕಲ್ಚರ್‌ಗೆ ಹೋದ ಕೂಡಲೇ, ವರದಿಗೆ ಕಾಯದೆ ಔಷಧಿ ಶುರುವಾಗುತ್ತದೆ.

ತಕರಾರು ಇರುವುದು ನಿಲ್ಲಿಸುವ ವಿಷಯದಲ್ಲಿ. ಕನಿಷ್ಠ 1 ಎಂಎಲ್ ರಕ್ತ ತೆಗೆದಿದ್ದರೆ, ನಿಜವಾದ ಸೆಪ್ಸಿಸ್ (ರಕ್ತದ ನಂಜು) ತರುವ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು 36 ಗಂಟೆಯೊಳಗೆ ಬೆಳೆದು ತೋರುತ್ತವೆ. ಆದ್ದರಿಂದ 36ರಿಂದ 48 ಗಂಟೆಗೆ ಕಲ್ಚರ್ ಖಾಲಿಯಿದ್ದು ಮಗುವೂ ಸ್ಥಿರವಾಗಿದ್ದರೆ ಔಷಧಿ ನಿಲ್ಲಿಸುವುದೇ ಇಂದಿನ ಒಪ್ಪಿತ ಕ್ರಮ.

ಕಲ್ಚರ್ ಖಾಲಿಯಿದ್ದರೂ ಮುಂದುವರಿಸಲು ನ್ಯಾಯವಾದ ಕಾರಣಗಳಿವೆ. ತೆಗೆದ ರಕ್ತ ತೀರಾ ಕಡಿಮೆಯಿದ್ದಿರಬಹುದು; ಹೆರಿಗೆಗೆ ಮುಂಚೆ ತಾಯಿಗೇ ಆಂಟಿಬಯಾಟಿಕ್ ಕೊಟ್ಟಿದ್ದರಿಂದ ಬ್ಯಾಕ್ಟೀರಿಯಾ ಬೆಳೆಯದೇ ಹೋಗಿರಬಹುದು; ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಅಥವಾ ಕರುಳಿನ ಉರಿಯೂತ ಕಂಡಿರಬಹುದು; ರಕ್ತದೊತ್ತಡ ಕುಸಿದು ಮಗು ನಿಜಕ್ಕೂ ನಿತ್ರಾಣವಾಗಿರಬಹುದು. ಆದರೆ 'ಸಿಆರ್‌ಪಿ (ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ಸ್ವಲ್ಪ ಜಾಸ್ತಿಯಿದೆ' ಎಂಬುದೊಂದೇ ಕಾರಣವಾದರೆ ಅದು ಬಹಳ ದುರ್ಬಲ. ಕಷ್ಟದ ಹೆರಿಗೆಯಿಂದಲೂ ಉಸಿರಾಟದ ತೊಂದರೆಯಿಂದಲೂ ಸಿಆರ್‌ಪಿ ಏರುತ್ತದೆ. ಒಂದು ದಿನದ ಅಂತರದಲ್ಲಿ ಎರಡು ಸಲ ನೋಡಿದಾಗಲೂ ಅದು ಕಡಿಮೆಯೇ ಇದ್ದರೆ 'ಸೋಂಕಿಲ್ಲ' ಎನ್ನಲು ಉಪಯೋಗ. 'ಸೋಂಕಿದೆ' ಎನ್ನಲು ಅದನ್ನು ನೆಚ್ಚುವಂತಿಲ್ಲ.

ಸುಮ್ಮನೆ ಮುಂದುವರಿಸಿದರೆ ನಷ್ಟವೇನು? 1000 ಗ್ರಾಂ ಅಥವಾ ಅದಕ್ಕೂ ಕಡಿಮೆ ತೂಕದ 4000ಕ್ಕೂ ಹೆಚ್ಚು ಶಿಶುಗಳ ದಾಖಲೆ ನೋಡಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಲ್ಚರ್ ಖಾಲಿಯಿದ್ದೂ 5 ದಿನ ಅಥವಾ ಹೆಚ್ಚು ಆಂಟಿಬಯಾಟಿಕ್ ಪಡೆದವರಲ್ಲಿ ಕರುಳು ಕೊಳೆಯುವ ಎನ್‌ಇಸಿ ಕಾಯಿಲೆ ಅಥವಾ ಸಾವಿನ ಸಂಭವ ಹೆಚ್ಚಿತ್ತು. ಹೆಚ್ಚು ಕಾಯಿಲೆಯಿದ್ದ ಮಕ್ಕಳಿಗೇ ಹೆಚ್ಚು ದಿನ ಕೊಟ್ಟಿರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದನ್ನು ಲೆಕ್ಕಕ್ಕೆ ಹಿಡಿದರೂ ವ್ಯತ್ಯಾಸ ಉಳಿಯಿತು. ಕಾರಣ ಊಹಿಸಲು ಕಷ್ಟವಿಲ್ಲ: ಎದೆಹಾಲಿನಿಂದ ಕರುಳಿನಲ್ಲಿ ಬೆಳೆಯಬೇಕಾದ ಒಳ್ಳೆಯ ಬ್ಯಾಕ್ಟೀರಿಯಾಗಳಾದ ಬೈಫಿಡೊಬ್ಯಾಕ್ಟೀರಿಯಾ ಸಾಯುತ್ತವೆ, ಔಷಧಿಗೆ ಬಗ್ಗದ ಆಸ್ಪತ್ರೆಯ ತಳಿಗಳು ಆ ಖಾಲಿ ಜಾಗಕ್ಕೆ ಬಂದು ಕೂರುತ್ತವೆ.

ರೌಂಡ್ಸ್‌ಗೆ ಬಂದಾಗ ನೇರವಾಗಿ ಕೇಳಿ: 'ಡಾಕ್ಟರೇ, ಈಗ ಯಾವ ಸೋಂಕಿಗೆ ಕೊಡುತ್ತಿದ್ದೀರಿ? ಇನ್ನು ಎಷ್ಟು ದಿನ? ಏನು ಕಂಡರೆ ನಿಲ್ಲಿಸುತ್ತೀರಿ?' ಒಂಬತ್ತನೇ ದಿನ ಈ ಮೂರಕ್ಕೂ ಸ್ಪಷ್ಟ ಉತ್ತರ ಇರಲೇಬೇಕು. ಉತ್ತರವಿದ್ದರೆ ನಿಶ್ಚಿಂತೆಯಿಂದಿರಿ.

ಪ್ರಶ್ನೆ: ಜೆಂಟಾಮೈಸಿನ್‌ನಿಂದ ಕಿವಿ ಕೇಳದಂತಾಗುತ್ತದೆ, ಕಿಡ್ನಿ ಹಾಳಾಗುತ್ತದೆ ಎಂದು ಸಂಬಂಧಿಕರು ಹೆದರಿಸುತ್ತಿದ್ದಾರೆ. ನಿಜವೇ?

ಉತ್ತರ: ಆ ಗುಣ ಔಷಧಿಗೆ ಇರುವುದು ನಿಜ, ಸರಿಯಾಗಿ ಕೊಟ್ಟರೆ ಅಪಾಯ ಕಡಿಮೆ ಎಂಬುದೂ ನಿಜ. ಅವಧಿಪೂರ್ವ ಶಿಶುವಿನ ಕಿಡ್ನಿ ಇದನ್ನು ಬಹಳ ನಿಧಾನವಾಗಿ ಹೊರಹಾಕುತ್ತದೆ. ಹಾಗಾಗಿ ಸುರಕ್ಷತೆಯ ಗುಟ್ಟು ಡೋಸ್‌ಗಿಂತ ಹೆಚ್ಚಾಗಿ ಎರಡು ಡೋಸ್‌ಗಳ ನಡುವಿನ ಅಂತರದಲ್ಲಿದೆ. ಬಹಳ ಕಡೆ ಬಳಸುವ ಪಟ್ಟಿಯೊಂದರಂತೆ, ಮೊದಲ ವಾರದಲ್ಲಿ 29 ವಾರದವರೆಗಿನ ಶಿಶುವಿಗೆ ಕಿಲೋಗೆ 5 ಮಿಲಿಗ್ರಾಂ, 48 ಗಂಟೆಗೊಮ್ಮೆ. 30ರಿಂದ 34 ವಾರದವರಿಗೆ 4.5 ಮಿಲಿಗ್ರಾಂ, 36 ಗಂಟೆಗೊಮ್ಮೆ. 35 ದಾಟಿದವರಿಗೆ 4 ಮಿಲಿಗ್ರಾಂ, ದಿನಕ್ಕೊಮ್ಮೆ. ದಿನ ತುಂಬಿದ ಮಗುವಿನ ಲೆಕ್ಕದಲ್ಲಿ 28 ವಾರದ ಮಗುವಿಗೆ ದಿನವೂ ಕೊಟ್ಟರೆ ಹಿಂದಿನ ಡೋಸ್ ಇಳಿಯುವ ಮೊದಲೇ ಮುಂದಿನದು ಸೇರಿ ಔಷಧಿ ಮೈಯಲ್ಲಿ ಕೂಡುತ್ತಾ ಹೋಗುತ್ತದೆ.

ಎರಡು ದಿನ ದಾಟಿ ಮುಂದುವರಿಸುವುದಾದರೆ, ಮುಂದಿನ ಡೋಸ್ ಕೊಡುವ ಮುಂಚೆ ರಕ್ತ ತೆಗೆದು ಔಷಧಿಯ ಮಟ್ಟ ನೋಡಬೇಕು. ಅದು ಎಂಎಲ್‌ಗೆ 2 ಮೈಕ್ರೊಗ್ರಾಂಗಿಂತ ಕೆಳಗಿರಬೇಕು, 1ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ಜೊತೆಗೆ ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರಮಾಣದ ಮೇಲೆ ಕಣ್ಣಿರಬೇಕು. ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಅಥವಾ ವ್ಯಾಂಕೊಮೈಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಜೊತೆಗಿದ್ದರೆ ಅಪಾಯ ಹೆಚ್ಚು.

ತಾಯಿಯ ಕಡೆಯ ಬಂಧುಗಳಲ್ಲಿ ಯಾರಿಗಾದರೂ ಇಂಥ ಇಂಜೆಕ್ಷನ್ ನಂತರ ಕಿವುಡು ಬಂದಿದ್ದರೆ ತಪ್ಪದೆ ಮೊದಲೇ ಹೇಳಿ. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ 1555ನೇ ಸ್ಥಾನದಲ್ಲಿ ಒಂದು ಬದಲಾವಣೆಯಿರುವವರಿಗೆ ರಕ್ತದಲ್ಲಿ ಔಷಧಿಯ ಮಟ್ಟ ಸರಿಯಾಗಿದ್ದರೂ ಶಾಶ್ವತ ಕಿವುಡು ಬರಬಹುದು, ಮತ್ತು ಅದು ತಾಯಿಯಿಂದ ಮಾತ್ರ ಬರುತ್ತದೆ.

ಡಿಸ್ಚಾರ್ಜ್‌ಗೆ ಮುನ್ನ ಶ್ರವಣ ಪರೀಕ್ಷೆ ಆಗಲೇಬೇಕು. ಒಳಗಿವಿಯನ್ನಷ್ಟೇ ನೋಡುವ ಓಎಇ ಒಂದೇ ಸಾಲದು, ಶ್ರವಣ ನರವನ್ನೂ ನೋಡುವ ಬೇರಾ ಪರೀಕ್ಷೆಯನ್ನೇ ಕೇಳಿ: ಒಳಗಿವಿ ಚೆನ್ನಾಗಿದ್ದು ನರದಲ್ಲಿ ತೊಂದರೆಯಿದ್ದರೆ ಓಎಇ ಅದನ್ನು ಹಿಡಿಯುವುದಿಲ್ಲ.

ಪ್ರಶ್ನೆ: ಮೆದುಳುಪೊರೆಯ ಸೋಂಕು ಎಂದು ಮಗಳಿಗೆ 21 ದಿನ ಆಂಟಿಬಯಾಟಿಕ್ ಬರೆದಿದ್ದಾರೆ. ಹನ್ನೆರಡು ದಿನಕ್ಕೇ ಲವಲವಿಕೆಯಿಂದ ಹಾಲು ಕುಡಿಯುತ್ತಿದ್ದಾಳೆ. ನಿಲ್ಲಿಸಲು ಕೇಳಬಹುದೇ?

ಉತ್ತರ: ಬೇಡ. ಇ. ಕೊಲಿಯಂಥ ಗ್ರಾಮ್ ನೆಗೆಟಿವ್ ಗುಂಪಿನ ಬ್ಯಾಕ್ಟೀರಿಯಾದಿಂದ ಬಂದ ಮೆನಿಂಜೈಟಿಸ್‌ಗೆ (ಮೆದುಳುಪೊರೆಯ ಸೋಂಕಿಗೆ) ಕನಿಷ್ಠ 21 ದಿನ ಬೇಕೇ ಬೇಕು. ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಆದರೆ 14 ದಿನ. ಮೂಳೆಯ ಸೋಂಕಿಗೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅರ್ಧಕ್ಕೆ ಬಿಟ್ಟರೆ ಸೋಂಕು ಮರುಕಳಿಸಬಹುದು, ಮೆದುಳಿನಲ್ಲಿ ಕೀವುಗಟ್ಟಬಹುದು.

ಪ್ರಶ್ನೆ: ಮಗುವಿಗೆ ಲೈನ್ (ರಕ್ತನಾಳದೊಳಗೆ ಸಣ್ಣ ಕೊಳವೆ) ಹಾಕಿದ್ದಾರೆ. ಅದು ಇರುವ ತನಕ ಮುಂಜಾಗ್ರತೆಗೆ ಆಂಟಿಬಯಾಟಿಕ್ ಕೊಡಬಾರದೇಕೆ?

ಉತ್ತರ: ಈ ಹಾದಿಯಲ್ಲಿ ವೈದ್ಯಲೋಕ ಒಮ್ಮೆ ನಡೆದು ಪೆಟ್ಟು ತಿಂದಿದೆ. 1950ರ ದಶಕದಲ್ಲಿ ಮುಂಜಾಗ್ರತೆಗೆಂದು ಪೆನಿಸಿಲಿನ್ ಜೊತೆ ಸಲ್ಫಾ ಕೊಟ್ಟ ಅವಧಿಪೂರ್ವ ಶಿಶುಗಳಲ್ಲಿ ಸಾವು ಹೆಚ್ಚಿತು: ಸಲ್ಫಾ ಔಷಧಿ ರಕ್ತದ ಆಲ್ಬುಮಿನ್ ಪ್ರೋಟೀನ್‌ನಿಂದ ಕಾಮಾಲೆಯ ಹಳದಿ ವಸ್ತುವಾದ ಬಿಲಿರುಬಿನ್ ಅನ್ನು ಬಿಡಿಸಿತು, ಅದು ಮೆದುಳಿಗೆ ಹೋಗಿ ಕೂತಿತು. ಅದೇ ದಶಕದಲ್ಲಿ ಕ್ಲೋರಾಂಫೆನಿಕಾಲ್ ಪಡೆದ ಶಿಶುಗಳು ಬೂದುಬಣ್ಣಕ್ಕೆ ತಿರುಗಿ ತೀರಿಕೊಂಡವು, ಅದನ್ನು ಒಡೆಯುವ ಶಕ್ತಿ ಅವುಗಳ ಲಿವರ್‌ಗೆ ಬಂದಿರಲಿಲ್ಲ. ಇಂದಿನ ಔಷಧಿಗಳಲ್ಲೂ, ಸೆಫೊಟ್ಯಾಕ್ಸಿಮ್‌ನಂಥ ಮೂರನೇ ತಲೆಮಾರಿನವನ್ನು ವಾರಗಟ್ಟಲೆ ಕೊಟ್ಟರೆ ಕ್ಯಾಂಡಿಡಾ ಶಿಲೀಂಧ್ರ ರಕ್ತಕ್ಕೆ ಇಳಿಯುವ ಸಂಭವ ಏರುತ್ತದೆ. ಲೈನ್‌ಗೆ ನಿಜವಾದ ರಕ್ಷಣೆ ಕೈ ತೊಳೆಯುವುದು, ಅದರ ಮೂತಿಯನ್ನು ಪ್ರತಿ ಸಲವೂ ಉಜ್ಜಿ ಒರೆಸಿ ಒಣಗಲು ಬಿಡುವುದು, ಬೇಡವಾದ ದಿನವೇ ತೆಗೆಯುವುದು.

ಪ್ರಶ್ನೆ: ಆಂಟಿಬಯಾಟಿಕ್ ಜೊತೆ ಪ್ರೊಬಯಾಟಿಕ್ ಪುಡಿ ತಂದು ಕೊಡಲೇ?

ಉತ್ತರ: ನೀವಾಗಿ ಕೊಡಬೇಡಿ. ಅದರಲ್ಲಿರುವುದು ಜೀವಂತ ಸೂಕ್ಷ್ಮಜೀವಿಗಳು. 1000 ಗ್ರಾಂಗಿಂತ ಕಡಿಮೆ ತೂಕದ ಶಿಶುವೊಂದು ಪ್ರೊಬಯಾಟಿಕ್‌ನಲ್ಲಿದ್ದ ಬ್ಯಾಕ್ಟೀರಿಯಾದಿಂದಲೇ ಸೆಪ್ಸಿಸ್ ಆಗಿ ಸತ್ತ ಮೇಲೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಕೆಲವು ಘಟಕಗಳು ಆಯ್ದ ತಳಿಗಳನ್ನು ನಿಗಾದಲ್ಲಿ ಕೊಡುತ್ತವೆ, ಅದು ಬೇರೆ ಮಾತು. ನೀವು ಮಾಡಬಹುದಾದ ದೊಡ್ಡ ಉಪಕಾರ ಹಾಲು ಹಿಂಡಿ ಕೊಡುವುದು: ದಿನಕ್ಕೆ ಎಂಟು ಸಲ, ರಾತ್ರಿಯೂ ಸೇರಿ.

ಪ್ರಶ್ನೆ: ಕಿಡ್ನಿ ಊತವಿರುವ ಮಗುವಿಗೆ ಮನೆಯಲ್ಲಿ ತಿಂಗಳುಗಟ್ಟಲೆ ಅಮಾಕ್ಸಿಸಿಲಿನ್ ಕೊಡಲು ಹೇಳಿದ್ದಾರೆ. ಏನು ಎಚ್ಚರ ಬೇಕು?

ಉತ್ತರ: ಇದು ಮೂತ್ರದ ಸೋಂಕು ಬಾರದಂತೆ ಕೊಡುವ ಔಷಧಿ. ಊತ ಸೌಮ್ಯವಾಗಿದ್ದರೆ ಔಷಧಿ ಬೇಕೇ ಎಂದು ಮತ್ತೊಮ್ಮೆ ಕೇಳುವುದರಲ್ಲಿ ತಪ್ಪಿಲ್ಲ, ಮೂತ್ರ ಹಿಮ್ಮುಖವಾಗಿ ಹರಿಯುವುದು ತೀವ್ರವಾಗಿದ್ದರೆ ಪ್ರಯೋಜನವಿದೆ.

ಮನೆಯಲ್ಲಿ ಆಗುವ ದೊಡ್ಡ ತಪ್ಪು ಡ್ರಾಪ್ಸ್ ಮತ್ತು ಸಿರಪ್ ಅದಲುಬದಲಾಗುವುದು. ಡಾಕ್ಟರು 32 ಮಿಲಿಗ್ರಾಂ ಬರೆದಿದ್ದಾರೆ ಎನ್ನೋಣ. ಎಂಎಲ್‌ಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ 0.32 ಎಂಎಲ್; 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಸಿರಪ್ ಆದರೆ ಸುಮಾರು 1.3 ಎಂಎಲ್. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ನಾಲ್ಕು ಪಟ್ಟು ಔಷಧಿ ಹೋಯಿತು. ಚೀಟಿಯಲ್ಲಿ ಎಂಎಲ್ ಜೊತೆ ಮಿಲಿಗ್ರಾಂ ಕೂಡ ಬರೆಸಿಕೊಳ್ಳಿ, ಹೊಸ ಬಾಟಲಿ ತಂದಾಗಲೆಲ್ಲ ಲೇಬಲ್ ಓದಿ.

ಒಣಪುಡಿಯ ಬಾಟಲಿಗೆ ಕುದಿಸಿ ಆರಿಸಿದ ನೀರನ್ನು ಮೊದಲು ಅರ್ಧ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗೆರೆಯವರೆಗೆ ತುಂಬಿ. ನೊರೆಯಿರುವಾಗಲೇ ಗೆರೆ ಮುಟ್ಟಿಸಿದರೆ ನೀರು ಕಡಿಮೆಯಾಗಿ ಔಷಧಿ ಗಟ್ಟಿಯಾಗುತ್ತದೆ. ಪ್ರತಿ ಸಲವೂ ಕುಲುಕಿ, ಚಮಚ ಬಿಟ್ಟು 1 ಎಂಎಲ್ ಸಿರಿಂಜ್‌ನಲ್ಲಿ ಅಳೆದು ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ. ಹಾಲಿನ ಬಾಟಲಿಗೆ ಬೆರೆಸಬೇಡಿ. ಮಗು ಹಾಲು ಉಳಿಸಿದರೆ ಎಷ್ಟು ಔಷಧಿ ಹೋಯಿತೆಂದು ತಿಳಿಯದು. ಕಲೆಸಿದ ಅಮಾಕ್ಸಿಸಿಲಿನ್ ಸಾಮಾನ್ಯವಾಗಿ 14 ದಿನ, ಕ್ಲಾವುಲನೇಟ್ ಸೇರಿದ್ದರೆ ಫ್ರಿಜ್‌ನಲ್ಲಿಟ್ಟು 7 ದಿನ; ಉಳಿದದ್ದನ್ನು ಚೆಲ್ಲಿ. ತೂಕ ಬೇಗ ಏರುವ ವಯಸ್ಸಾದ್ದರಿಂದ ಪ್ರತಿ ಭೇಟಿಯಲ್ಲೂ ಡೋಸ್ ಲೆಕ್ಕ ಹಾಕಿಸಿ. ಲಸಿಕೆಗಳನ್ನು ಇದಕ್ಕಾಗಿ ಮುಂದೂಡಬೇಕಿಲ್ಲ.

ಔಷಧಿ ನಡೆಯುತ್ತಿದ್ದರೂ ಮೈ ಬಿಸಿ 37.5 ಡಿಗ್ರಿ ದಾಟಿದರೆ ಅಥವಾ ತಣ್ಣಗಾದರೆ, ಹಾಲು ಬೇಡವೆಂದರೆ, ನಿಮಿಷಕ್ಕೆ ಉಸಿರು 60 ಮುಟ್ಟಿದರೆ, ಹಸಿರು ವಾಂತಿ ಅಥವಾ ಮಲದಲ್ಲಿ ರಕ್ತ ಕಂಡರೆ ಮುಂದಿನ ಡೋಸ್‌ಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ಔಷಧಿಯ ಬಾಟಲಿಯೂ ಕೈಯಲ್ಲಿರಲಿ.