ಸಂಪಾದಕರ ಉತ್ತರ: ಅಂಗಾಲು ಉರಿ ಕೊನೆಯ ಸಾಲಿಗೆ ಯಾಕೆ ಹೋಯಿತು?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ವಯಸ್ಸು 46. ಎರಡು ವರ್ಷದಿಂದ ವಿಪರೀತ ಸುಸ್ತು. ಎದ್ದು ನಿಂತರೆ ತಲೆ ಸುತ್ತು, ಆಗಾಗ ಎದೆ ಹೊಡೆದುಕೊಳ್ಳುವುದು, ರಾತ್ರಿ ನಿದ್ದೆ ಇಲ್ಲ. ರಕ್ತ, ಶುಗರ್, ಥೈರಾಯ್ಡ್, ಇಸಿಜಿ, ಎಕೋ, ಹೊಟ್ಟೆಯ ಸ್ಕ್ಯಾನ್ ಎಲ್ಲ ಆಗಿದೆ. ಎಲ್ಲವೂ ನಾರ್ಮಲ್. "ಏನೂ ಇಲ್ಲಮ್ಮ, ಟೆನ್ಶನ್ ಕಡಿಮೆ ಮಾಡ್ಕೊಳ್ಳಿ" ಎಂದು ಕಳಿಸಿದ್ದಾರೆ. ಈಗ ಮನೆಯಲ್ಲೂ "ರಿಪೋರ್ಟ್ ಸರಿ ಇದೆಯಲ್ಲ, ಇನ್ನೇನು?" ಎಂಬ ಮಾತು ಶುರುವಾಗಿದೆ. ಅವರು ಕೇಳುತ್ತಾರೆ: "ನಾನು ಇನ್ನೂ ಹುಡುಕಬೇಕಾ, ಸುಮ್ನೆ ಇದ್ದುಬಿಡಬೇಕಾ? ಇದೆಲ್ಲ ನನ್ನ ಭ್ರಮೆಯಾ?"

ಭ್ರಮೆ ಅಲ್ಲ. ಹುಡುಕಿ. ಮೊದಲು ಇಷ್ಟು ಹೇಳಿಬಿಡುತ್ತೇನೆ. ಎರಡು ವರ್ಷ ಸುಸ್ತು ಹೊತ್ತುಕೊಂಡು ತೋಟ, ಕೊಟ್ಟಿಗೆ, ಒಲೆ ಮೂರನ್ನೂ ಸಂಭಾಳಿಸುತ್ತಿರುವವರು ಉತ್ತರಕ್ಕಾಗಿ ಪುಟ ತಿರುವುತ್ತಾ ಕೂರಬಾರದು.

ಆದರೆ ನಿಮ್ಮ ಮೇಲೆ ನನ್ನದೊಂದು ತಕರಾರಿದೆ. ನಾಲ್ಕು ಪುಟದ ಪತ್ರದಲ್ಲಿ ಮೂರು ಪುಟ ರಿಪೋರ್ಟುಗಳದ್ದೇ. ಹಿಮೋಗ್ಲೋಬಿನ್ 12.3, ಥೈರಾಯ್ಡಿನ ಟಿಎಸ್‌ಎಚ್ 2.8, ಹೀಗೆ ಎಲ್ಲ ದಶಾಂಶ ಸಮೇತ. ತಲೆ ಸುತ್ತುವುದು ಬೆಳಗ್ಗೆಯಾ ಸಂಜೆಯಾ, ಎದೆ ಹೊಡೆದುಕೊಂಡರೆ ಎಷ್ಟು ಹೊತ್ತು, ಮುಟ್ಟು ತಿಂಗಳು ತಿಂಗಳು ಆಗುತ್ತಿದೆಯಾ, ಇದರ ಬಗ್ಗೆ ಒಂದಕ್ಷರ ಇಲ್ಲ. ಸಹಿ ಹಾಕಿ ಮುಗಿಸಿದ ಮೇಲೆ ಕಾಗದದ ಅಂಚಿನಲ್ಲಿ, ಬೇರೆ ಪೆನ್ನಿನಲ್ಲಿ, ಅಡ್ಡಡ್ಡ ಬರೆದಿದ್ದೀರಿ: "ಮರೆತಿದ್ದೆ, ರಾತ್ರಿ ಅಂಗಾಲು ಉರಿಯುತ್ತೆ. ಅಡಿಕೆ ಸುಲಿಯೋಕೆ ಕೂತರೆ ಬೆರಳು ಜೋಮು ಹಿಡಿಯುತ್ತೆ. ಗ್ಯಾಸಿನ ಮಾತ್ರೆ ಮೂರು ವರ್ಷದಿಂದ ದಿನಾ ತಗೋತೀನಿ." ಇಡೀ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಅಲ್ಲಿ. ಇದನ್ನು ಡಾಕ್ಟರ ಮುಂದೆ ಹೇಳಿದ್ದೀರಾ? ಹೇಳಿರಲಿಕ್ಕಿಲ್ಲ. ಫೈಲು ಚಾಚಿರುತ್ತೀರಿ, ಅವರು ಫೈಲು ನೋಡಿರುತ್ತಾರೆ.

ಕೇಳಿದ ಪ್ರಶ್ನೆಗೆ ಮಾತ್ರ ರಿಪೋರ್ಟು ಉತ್ತರ ಕೊಡುತ್ತದೆ. ಕೇಳದೆ ಇದ್ದದ್ದರ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ನಿಮ್ಮ ಇಸಿಜಿಯನ್ನೇ ತಗೊಳ್ಳಿ. ಸಾಮಾನ್ಯ ಇಸಿಜಿ ಹಿಡಿದಿಡುವುದು ಸುಮಾರು 10 ಸೆಕೆಂಡಿನ ಬಡಿತವನ್ನು. ದಿನಕ್ಕೆ 86,400 ಸೆಕೆಂಡು ಇದೆ. ನಿಮ್ಮ ಎದೆ ಹೊಡೆದುಕೊಳ್ಳುವುದು ರಾತ್ರಿ ಎರಡು ಗಂಟೆಗೆ, ಇಸಿಜಿ ತೆಗೆದದ್ದು ಹಗಲು ಹನ್ನೊಂದಕ್ಕೆ ಎಂದಾದರೆ ಅದು ಹೇಳುವುದಾದರೂ ಏನು? ಇಂಥವರಿಗೇ ಎದೆಗೆ ಅಂಟಿಸಿ 24 ಗಂಟೆ ಹೊತ್ತು ತಿರುಗುವ ಹೋಲ್ಟರ್ ಎಂಬ ಯಂತ್ರ ಇದೆ. ಹಿಮೋಗ್ಲೋಬಿನ್ ಕಥೆಯೂ ಹೀಗೇ. 12 ದಾಟಿದರೆ ಹೆಂಗಸರಿಗೆ ರಕ್ತಹೀನತೆ ಇಲ್ಲ ಎಂದು ಲೆಕ್ಕ. ಆದರೆ ಮೈಯೊಳಗಿನ ಕಬ್ಬಿಣದ ದಾಸ್ತಾನು ಖಾಲಿಯಾಗುತ್ತಾ ಬಂದರೂ ಹಿಮೋಗ್ಲೋಬಿನ್ ಕೆಲವು ಕಾಲ ಜಗ್ಗುವುದಿಲ್ಲ. ಸುಸ್ತು ಮಾತ್ರ ಆಗಲೇ ಶುರುವಾಗಿರಬಹುದು. ದಾಸ್ತಾನು ನೋಡಲು ಫೆರಿಟಿನ್ ಎಂಬ ಬೇರೆ ಪರೀಕ್ಷೆಯೇ ಬೇಕು. ನಿಮ್ಮ ಪಟ್ಟಿಯಲ್ಲಿ ಅದು ಇಲ್ಲ. ಬಿ12 ಕೂಡ ಇಲ್ಲ. ಬಿ12 ಕಡಿಮೆಯಾದರೆ ಅಂಗಾಲು ಉರಿ, ಜೋಮು, ಸುಸ್ತು ಬರಬಹುದು, ಹಿಮೋಗ್ಲೋಬಿನ್ ಸರಿ ಇರುವಾಗಲೂ. ಮಾಂಸ, ಮೊಟ್ಟೆ ತಿನ್ನದವರಲ್ಲಿ ಅದು ಕಡಿಮೆಯಾಗುವ ಸಂಭವ ಜಾಸ್ತಿ. ಪ್ಯಾಂಟೊಪ್ರಜೋಲ್ ಜಾತಿಯ ಗ್ಯಾಸಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲೂ ಹಾಗೇ. ನಿಮಗೆ ಅದೇ ಆಗಿದೆ ಎಂದು ನಾನು ಹೇಳುತ್ತಿಲ್ಲ, ನಾನು ಡಾಕ್ಟರಲ್ಲ. ಅಂಚಿನ ಆ ಸಾಲನ್ನು ಕೇಳಿಸಿಕೊಂಡಿದ್ದರೆ ಯಾವ ಡಾಕ್ಟರಾದರೂ ಆ ಪರೀಕ್ಷೆ ಬರೆಯುತ್ತಿದ್ದರು ಎನ್ನುತ್ತಿದ್ದೇನೆ. ಇನ್ನೊಂದು ಮಾತು. ಇದನ್ನು ಓದಿ ಮೆಡಿಕಲ್ ಶಾಪಿನಿಂದ ಬಿ12 ಮಾತ್ರೆ ತಂದು ನುಂಗಬೇಡಿ. ಆಮೇಲೆ ಟೆಸ್ಟ್ ಮಾಡಿಸಿದರೆ ಲೆಕ್ಕವೇ ತಪ್ಪುತ್ತದೆ.

ನಿಮ್ಮ ವಯಸ್ಸಿನ ಬಗ್ಗೆಯೂ ಯಾರೂ ಮಾತಾಡಿದ ಹಾಗೆ ಕಾಣುವುದಿಲ್ಲ. ಮುಟ್ಟು ನಿಲ್ಲುವ ಹಂತದಲ್ಲಿ ಎದೆ ಬಡಿತ, ನಿದ್ದೆಗೇಡು, ಸುಸ್ತು ಎಲ್ಲ ಬರುತ್ತದೆ. 45 ದಾಟಿದವರಲ್ಲಿ ಇದನ್ನು ಸಾಮಾನ್ಯವಾಗಿ ಗುರುತಿಸುವುದು ರೋಗಿ ಹೇಳುವ ಮಾತಿನಿಂದಲೇ. ರಕ್ತ ಪರೀಕ್ಷೆ ಬೇಕಾಗುವುದಿಲ್ಲ, ಏಕೆಂದರೆ ಹಾರ್ಮೋನು ಇಂದು ಒಂದಿದ್ದರೆ ನಾಳೆ ಇನ್ನೊಂದು. ಇಂಥ ಕಡೆ ಬಾಯಿಬಿಟ್ಟು ಹೇಳುವುದನ್ನು ಬಿಟ್ಟರೆ ಬೇರೆ ದಾರಿ ಇಲ್ಲ.

ಮೊದಲು ರೋಗಿಯ ಮಾತು, ಆಮೇಲೆ ರಿಪೋರ್ಟು. ಇದು ನನ್ನ ಹಳೆಯ ಹಟ ಎಂದು ನಮ್ಮ ಓದುಗರಿಗೆ ಗೊತ್ತು. ಆದರೆ ನನ್ನೊಬ್ಬನದೇ ಅಲ್ಲ. 1975ರಲ್ಲಿ ಇಂಗ್ಲೆಂಡಿನ ಹ್ಯಾಂಪ್ಟನ್ ಎಂಬ ವೈದ್ಯರು ಮತ್ತು ಸಂಗಡಿಗರು 80 ಹೊಸ ರೋಗಿಗಳನ್ನು ಇಟ್ಟುಕೊಂಡು ಒಂದು ಅಧ್ಯಯನ ಮಾಡಿದರು. ಕಳಿಸಿದ ಡಾಕ್ಟರ ಪತ್ರ ಓದಿ, ರೋಗಿಯ ಮಾತು ಕೇಳಿದ ಹಂತದಲ್ಲೇ 66 ಜನರ ಕಾಯಿಲೆ ಏನೆಂದು ಸರಿಯಾಗಿ ತಿಳಿದಿತ್ತು. ಮುಟ್ಟಿ ನೋಡಿದ್ದರಿಂದ ತೀರ್ಮಾನ ಬದಲಾದದ್ದು 7 ಜನರಲ್ಲಿ, ಲ್ಯಾಬಿನಿಂದ ಬದಲಾದದ್ದು ಇನ್ನು 7 ಜನರಲ್ಲಿ. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಇನ್ನೊಂದನ್ನು ಅಳೆದರು. ರೋಗಿ ಮಾತು ಶುರು ಮಾಡಿ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಿದ್ದರು. ಅದು ಅಮೆರಿಕ. ನಮ್ಮ ಜಿಲ್ಲೆಯ ಒಪಿಡಿಗಳಲ್ಲಿ ಯಾರಾದರೂ ಗಡಿಯಾರ ಹಿಡಿದು ಕೂತರೆ ಏನು ಸಿಕ್ಕೀತು?

ಹೊಸನಗರ ಕಡೆ ನನಗೆ ಪರಿಚಯದ ಕೃಷಿಕರೊಬ್ಬರಿದ್ದಾರೆ. ತಿಂಗಳುಗಟ್ಟಲೆ ಸಂಜೆಯಾದರೆ ಜ್ವರ. ರಾತ್ರಿ ಬೆವರಿ ಹೊದಿಕೆ ಒದ್ದೆ, ಸೊಂಟ ಹಿಡಿದುಕೊಂಡು ಬಗ್ಗಲಾರರು. ಮಲೇರಿಯಾ ಇಲ್ಲ, ಟೈಫಾಯ್ಡ್ ಇಲ್ಲ, ಎಕ್ಸ್‌ರೇ ಸರಿ. ಮೂರು ಆಸ್ಪತ್ರೆ ಸುತ್ತಿದರು. ಕೊನೆಗೆ ಮಗಳ ಊರಿನ ನಿವೃತ್ತ ಡಾಕ್ಟರೊಬ್ಬರು ಫೈಲನ್ನು ಪಕ್ಕಕ್ಕಿಟ್ಟು ಒಂದೇ ಮಾತು ಕೇಳಿದರು: "ಕೊಟ್ಟಿಗೆಯಲ್ಲಿ ಯಾವುದಾದರೂ ಹಸು ಕಂದು ಹಾಕಿತ್ತಾ?" ಹಾಕಿತ್ತು. ಇವರೇ ಬರಿಗೈಯಲ್ಲಿ ಮಾಸು ಎಳೆದು ತೆಗೆದಿದ್ದರು. ದನದಿಂದ ಮನುಷ್ಯರಿಗೂ ಅಂಟುವ ಕಂದು ರೋಗಕ್ಕೆ (ಬ್ರುಸೆಲ್ಲೋಸಿಸ್) ಬೇರೆಯೇ ರಕ್ತ ಪರೀಕ್ಷೆ ಇದೆ, ಮಾಡಿಸಿದರು, ಬಂತು. ಎರಡು ತರದ ಮಾತ್ರೆ ಆರು ವಾರ ನುಂಗಿ ಚೇತರಿಸಿಕೊಂಡರು. ಆ ಪರೀಕ್ಷೆ ಮೊದಲೂ ಸಿಗುತ್ತಿತ್ತು. ದನ ಸಾಕುವ ಸೀಮೆಯಲ್ಲಿ ಕುಳಿತು ದನದ ಮಾತನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಮಲೆನಾಡಿನವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಯೂ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಲ್ಲಿ ಮಲಗಿದರು. ವೈರಸ್ ಕಂಡುಹಿಡಿಯುವವರೆಗೆ ಆ ಜ್ವರಕ್ಕೆ ಜಗತ್ತಿನ ಯಾವ ಲ್ಯಾಬಿನಲ್ಲೂ ಪರೀಕ್ಷೆ ಇರಲಿಲ್ಲ. ಜನ ಮಾತ್ರ ಮಂಗ ಸಾಯುವುದನ್ನೂ ತಮ್ಮ ಜ್ವರವನ್ನೂ ಒಟ್ಟಿಗೆ ನೋಡಿದ್ದರು. ಸಾಗರದ ಹತ್ತಿರದ ಹಂದಿಗೋಡಿನದು ಇನ್ನೂ ಸಂಕಟದ ಕಥೆ. 1970ರ ದಶಕದಲ್ಲಿ ಅಲ್ಲಿನ ಕೆಲವು ಕುಟುಂಬಗಳಲ್ಲಿ ಸೊಂಟ, ಮಂಡಿ ಹಿಡಿದು ನಡೆಯಲಾಗದ ಸ್ಥಿತಿ ಬೆಳಕಿಗೆ ಬಂತು. ಗದ್ದೆಯ ಏಡಿ ತಿಂದದ್ದಕ್ಕೆ ಎಂದರು, ಕೀಟನಾಶಕ ಎಂದರು. ಇದು ವಂಶದಲ್ಲಿ ಹರಿದು ಬರುವ ಮೂಳೆ ಕೀಲಿನ ರೋಗ ಎಂಬಲ್ಲಿಗೆ ಸಂಶೋಧಕರು ಬರಲು ವರ್ಷಗಳೇ ಹಿಡಿದವು. ಕಾರಣ ಸಿಗುವವರೆಗೆ ಆ ಜನರ ನೋವು ಸುಳ್ಳಾಗಿತ್ತಾ?

ಡಾಕ್ಟರರ ಕಷ್ಟ ನನಗೂ ಗೊತ್ತು. ಬಾಗಿಲಾಚೆ ನೂರು ಟೋಕನ್ ಕಾಯುತ್ತಿರುತ್ತದೆ. ಮನಸ್ಸಿನ ಒತ್ತಡದಿಂದ ಎದೆ ಹೊಡೆದುಕೊಳ್ಳುವುದೂ ಉಂಟು, ಅದೂ ಸುಳ್ಳು ಕಾಯಿಲೆ ಅಲ್ಲ. ಆದರೆ ಟೆನ್ಶನ್ ಎಂಬುದನ್ನೂ ಕೇಳಿಯೇ ತಿಳಿಯಬೇಕು. ಬೇರೇನೂ ಸಿಗಲಿಲ್ಲ ಎಂದು ಖಾಲಿ ಜಾಗಕ್ಕೆ ಅದನ್ನು ತುಂಬಿದರೆ ರೋಗಿ ಮನೆಗೆ ಹೋಗಿ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಹಾಗಂತ ಇನ್ನಷ್ಟು ಟೆಸ್ಟ್ ಮಾಡಿಸಿ ಎಂದು ನಾನು ಹೇಳಿದೆ ಎಂದುಕೊಳ್ಳಬೇಡಿ. ಶಿವಮೊಗ್ಗದಲ್ಲಿ ಈಗ ಎಲ್ಲಿ ನೋಡಿದರೂ ಫುಲ್ ಬಾಡಿ ಚೆಕಪ್ ಎಂಬ ಫ್ಲೆಕ್ಸು. ನಾರ್ಮಲ್ ಎಂಬ ಗೆರೆಯನ್ನು ಎಳೆಯುವುದು ಹೇಗೆ ಗೊತ್ತಾ? ಆರೋಗ್ಯವಂತರನ್ನು ಪರೀಕ್ಷಿಸಿ, ಅವರಲ್ಲಿ ನಡುವಿನ ನೂರಕ್ಕೆ 95ರಷ್ಟು ಜನರ ಅಂಕಿಯನ್ನು ಸಾಮಾನ್ಯವಾಗಿ ನಾರ್ಮಲ್ ಎಂದು ಇಟ್ಟುಕೊಳ್ಳುತ್ತಾರೆ. ಅಂದರೆ ಗಟ್ಟಿಮುಟ್ಟಾದ 20 ಜನರಲ್ಲಿ ಒಬ್ಬರು ಗೆರೆಯ ಆಚೆಗೇ ಇರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವರಿಗೂ ಒಂದಾದರೂ ಗೆರೆ ದಾಟಿ ದಪ್ಪ ಅಕ್ಷರದಲ್ಲಿ ಬರುವ ಸಂಭವ ನೂರಕ್ಕೆ 64. ಆಮೇಲೆ ಅದರ ಬೆನ್ನು ಹತ್ತಿ ಅಲೆಯುವುದು. ಪ್ರಶ್ನೆಯೇ ಇಲ್ಲದೆ ಉತ್ತರ ಮಾರುವ ಈ ಪ್ಯಾಕೇಜುಗಳಿಗೆ ಅಡಿಕೆ ದುಡ್ಡು ಸುರಿಯುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಮೊನ್ನೆ ಮೊನ್ನೆಯವರೆಗೆ ನಮ್ಮ ಒಂದೊಂದು ಪೇಟೆಯಲ್ಲೂ ಒಬ್ಬ ಡಾಕ್ಟರಿದ್ದರು. ಅತ್ತೆಗೆ ಏನಾಗಿತ್ತು, ಬಾಣಂತನ ಹೇಗಾಯಿತು, ಬಾವಿ ನೀರು ಹೇಗಿದೆ, ಎಲ್ಲ ಅವರಿಗೆ ಗೊತ್ತಿತ್ತು. ಆ ಪೀಳಿಗೆ ಕಳಚಿಕೊಳ್ಳುತ್ತಿದೆ. ಅವರ ಜಾಗಕ್ಕೆ ಬಂದಿರುವುದು ರಕ್ತ ತೆಗೆದು ಲ್ಯಾಬಿಗೆ ಕಳಿಸುವ ಕಲೆಕ್ಷನ್ ಸೆಂಟರುಗಳು.

ನೀವೀಗ ಒಂದು ಕೆಲಸ ಮಾಡಿ. ಮಕ್ಕಳ ಹಳೇ ನೋಟ್‌ಬುಕ್ ತೆಗೆದು ಮೂರು ವಾರ ಬರೆಯಿರಿ: ಯಾವ ಹೊತ್ತಿಗೆ ಏನಾಯಿತು, ಅದಕ್ಕೆ ಮೊದಲು ಏನು ಮಾಡುತ್ತಿದ್ದಿರಿ, ಎಷ್ಟು ಹೊತ್ತಿಗೆ ಬಿಟ್ಟಿತು, ಯಾವ ಮಾತ್ರೆ ನುಂಗಿದಿರಿ, ಮುಟ್ಟಿನ ತಾರೀಕು. ಅದನ್ನು ಒಂದೇ ಪುಟಕ್ಕೆ ಇಳಿಸಿ. ಒಬ್ಬರೇ ಡಾಕ್ಟರರನ್ನು ಹಿಡಿದು, ಫೈಲನ್ನು ಚೀಲದಲ್ಲೇ ಇಟ್ಟುಕೊಂಡು, ಮೊದಲು ಆ ಪುಟ ಕೊಡಿ. ಮಲಗಿಸಿ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ಬಿಪಿ ನೋಡಲು ಹೇಳಿ. ನಿಂತಾಗ ಮೇಲಿನ ಅಂಕಿ 20ರಷ್ಟು ಇಳಿದರೆ ತಲೆ ಸುತ್ತಿಗೆ ಒಂದು ದಾರಿ ಸಿಕ್ಕಿತು. ಖರ್ಚಿಲ್ಲದ ಪರೀಕ್ಷೆ ಇದು, ನಿಮಗೆ ಯಾರೂ ಮಾಡಿದಂತಿಲ್ಲ. ಹೊರಡುವಾಗ "ಇದಲ್ಲದಿದ್ದರೆ ಇನ್ನೇನಿರಬಹುದು, ಯಾವಾಗ ಮತ್ತೆ ಬರಲಿ?" ಎಂದು ಕೇಳಿ. ಎದೆ ನೋವು, ಪ್ರಜ್ಞೆ ತಪ್ಪುವುದು, ಒಂದು ಕಡೆಯ ಕೈಕಾಲು ಬಲ ಕಳೆದುಕೊಳ್ಳುವುದು ಕಂಡರೆ ಮಾತ್ರ ನೋಟ್‌ಬುಕ್ ಬಿಟ್ಟು ಆಗಲೇ ಹೊರಡಬೇಕು. ಕಾರಣವಿಲ್ಲದೆ ತೂಕ ಇಳಿಯತೊಡಗಿದರೂ ಮೂರು ವಾರ ಕಾಯಬೇಡಿ.

ನಿಮ್ಮ ಯಜಮಾನರಿಗೂ ಒಂದು ಮಾತು, ಈ ಪುಟವನ್ನು ಅವರಿಗೂ ಓದಲು ಕೊಡಿ. ಜೊತೆಗೆ ಹೋಗಿ ಸ್ವಾಮಿ, ಖಂಡಿತ ಹೋಗಿ. ಆದರೆ "ಏನಾಗ್ತದೆ?" ಎಂದು ಡಾಕ್ಟರು ಕೇಳಿದಾಗ ನೀವು ಉತ್ತರ ಕೊಡಬೇಡಿ. ನಮ್ಮ ಕಡೆ ಹೆಂಡತಿಯ ಹೊಟ್ಟೆನೋವನ್ನು ಗಂಡ ಹೇಳುವುದು, ಅತ್ತೆಯ ಮಂಡಿನೋವನ್ನು ಸೊಸೆ ಹೇಳುವುದು ರೂಢಿಯಾಗಿಹೋಗಿದೆ. ಅವರೇ ಹೇಳಲಿ, ತಡವರಿಸಿದರೂ ಪರವಾಗಿಲ್ಲ. ಸಂತೆ ದಿನ ಬಿಟ್ಟು ಹೋಗಿ, ಆವತ್ತು ಕ್ಲಿನಿಕ್ಕಿನಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ.