ಓದುಗರ ಪ್ರಶ್ನೆ, ನಮ್ಮ ಉತ್ತರ: ಮರಳಲ್ಲಿ ಇಳಿದ ವಿಮಾನ, ಎದುರಿಗೆ ಬಂದ ಅರಬರು

ಪ್ರಶ್ನೆ: ನಮ್ಮ ಅಜ್ಜ ಎರಡನೇ ಮಹಾಯುದ್ಧದಲ್ಲಿ ಈಜಿಪ್ಟ್ ಕಡೆ ಇದ್ದರು. ಐನ್‌ಮನೆಯ ಅಟ್ಟದಲ್ಲಿ ಅವರ ಟ್ರಂಕ್ ತೆಗೆದಾಗ ಒಂದು ಹಾಳೆ ಸಿಕ್ಕಿತು. ಅರೇಬಿಕ್‌ನಲ್ಲೂ ಇಂಗ್ಲಿಷ್‌ನಲ್ಲೂ ಅಚ್ಚಾಗಿದೆ. ಇದನ್ನು ತಂದವನು ಅರಬರ ಸ್ನೇಹಿತ, ಅನ್ನ ನೀರು ಕೊಡಿ, ಬಹುಮಾನ ಸಿಗುತ್ತದೆ ಅಂತ ಬರೆದಿದೆ. ಅಜ್ಜ ಪೈಲಟ್ ಏನೂ ಅಲ್ಲ. ಇದೇನು ಸರ್?
— ನಾಪೋಕ್ಲುವಿನ ಓದುಗರು

ಉತ್ತರ: ಒಳ್ಳೆ ಸೊತ್ತೇ ಸಿಕ್ಕಿದೆ ನಿಮಗೆ. ಇದು ಬ್ರಿಟಿಷ್ ವಾಯುಪಡೆಯವರು ಜೇಬಲ್ಲಿ ಇಟ್ಟುಕೊಂಡು ಹಾರುತ್ತಿದ್ದ ಪತ್ರ. ಮರುಭೂಮಿಯಲ್ಲಿ ವಿಮಾನ ಕೆಟ್ಟು ಇಳಿದರೆ ಎದುರಿಗೆ ಸಿಗುವ ಅರಬನಿಗೆ ತೋರಿಸಲಿಕ್ಕೆ. ಇವನನ್ನು ಕಾಪಾಡಿ, ಹತ್ತಿರದ ಬ್ರಿಟಿಷ್ ಸೈನಿಕರ ಹತ್ತಿರ ಮುಟ್ಟಿಸಿ, ಸರ್ಕಾರ ದುಡ್ಡು ಕೊಡುತ್ತದೆ ಅನ್ನುವುದು ಒಟ್ಟು ಮಾತು.

ನನಗೆ ಅದಕ್ಕಿಂತ ಇಷ್ಟವಾಗುವುದು ಇಂಥ ಹಾಳೆಗಳ ಇಂಗ್ಲಿಷ್ ಭಾಗದಲ್ಲಿ ಪೈಲಟ್‌ಗೇ ಹೇಳಿದ ಬುದ್ಧಿಮಾತು. ಡೇರೆಯೊಳಗೆ ಹೋಗುವಾಗ ಬೂಟು ಕಳಚು. ಅವರ ಹೆಂಗಸರ ಕಡೆ ನೋಡಲೇಬೇಡ. ಬಾಯಾರಿದ್ದರೆ ಕೊಟ್ಟ ನೀರು ಕುಡಿ, ಆದರೆ ಅವರು ಕೂಡಿಟ್ಟ ನೀರಿನಿಂದ ನಿನ್ನ ಬಾಟಲಿ ತುಂಬಿಸಿಕೊಳ್ಳಬೇಡ, ಬಾವಿಗೆ ಹೋಗಿ ನೀನೇ ಸೇದಿಕೋ. ರಾತ್ರಿ ಮಲಗಲಿಕ್ಕೆ ಜಾಗ ಕೊಟ್ಟರೂ ಬೆಳಗ್ಗೆ ತಿಂಡಿ ಸಿಗುತ್ತದೆ ಅಂತ ಕಾಯಬೇಡ, ಮಧ್ಯಾಹ್ನ ಇಲ್ಲ ಸಂಜೆ ಊಟ ಕೊಡುತ್ತಾರೆ. ಮರುಭೂಮಿಯಲ್ಲಿ ಆತುರ ಮಾಡಬೇಡ. (ಇದನ್ನೇ ಸ್ವಲ್ಪ ತಿದ್ದಿ ಅಚ್ಚು ಹಾಕಿಸಿ ನಮ್ಮ ಹೋಂಸ್ಟೇಗಳಿಗೆ ಬರುವವರಿಗೆ ಹಂಚಿದರೆ ಹೇಗೆ ಅಂತ ಎಷ್ಟೋ ಸಲ ಅನಿಸಿದೆ!)

ಇದು ಅಜ್ಜನ ಕೈಗೆ ಹೇಗೆ ಬಂತು ಅಂತ ಮನೆಯ ಹಿರಿಯರನ್ನೇ ಕೇಳಿ. ಒಂದು ಮಾತು, ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ನಮ್ಮ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯದ ಹಾಗೆ ಒಣ ಜಾಗದಲ್ಲಿ, ಆಸಿಡ್ ಇಲ್ಲದ ಕಾಗದದ ಮಧ್ಯೆ ಇಡಿ. ಮಡಿಕೆ ಬಿಟ್ಟಲ್ಲಿ ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂಗೆ ಹೋದಾಗ ಒಮ್ಮೆ ತೋರಿಸಿ.

ಪ್ರಶ್ನೆ: ಸಿನಿಮಾಗಳಲ್ಲಿ ಬಿದ್ದ ಪೈಲಟ್‌ನನ್ನು ಅರಬರು ಒಂದೋ ಕೊಲ್ಲುತ್ತಾರೆ, ಇಲ್ಲ ಒಂಟೆ ಮೇಲೆ ಕೂರಿಸಿ ಕಳಿಸುತ್ತಾರೆ. ಯಾವುದು ನಿಜ?
— ಗೋಣಿಕೊಪ್ಪದ ಓದುಗರು

ಉತ್ತರ: ಎರಡೂ ನಿಜ. ಆದರೆ ಅರಬರು ಅಂದರೆ ಒಂದೇ ಜನ, ಒಂದೇ ಮನಸ್ಸು ಅಂತ ತಿಳಿದುಕೊಂಡರೆ ಏನೂ ಅರ್ಥವಾಗುವುದಿಲ್ಲ. ವಿಮಾನ ಯಾರದ್ದು, ಆ ಸರ್ಕಾರ ಅಲ್ಲಿಯ ಜನರಿಗೆ ಅದಕ್ಕೆ ಮೊದಲು ಏನು ಮಾಡಿತ್ತು, ಅದನ್ನು ಮೊದಲು ಕೇಳಬೇಕು.

ಶುರುವಿನಿಂದ ನೋಡಿ. ವಿಮಾನದಿಂದ ಬಾಂಬ್ ಹಾಕುವ ಕೆಲಸ ಶುರುವಾಗಿದ್ದೇ ಲಿಬಿಯಾದಲ್ಲಿ. 1911ರ ನವೆಂಬರ್ 1ರಂದು ಇಟಲಿಯ ಗಾವೊಟ್ಟಿ ಎಂಬ ಪೈಲಟ್ ಟ್ರಿಪೊಲಿ ಹತ್ತಿರ ಕೈಯಿಂದಲೇ ಬಾಂಬ್ ಎಸೆದ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಇಟಲಿಯದ್ದೇ ಕ್ಯಾಪ್ಟನ್ ಮೊಯ್ಜೊನ ಎಂಜಿನ್ ಕೈಕೊಟ್ಟು ಕೆಳಗಿಳಿಯಬೇಕಾಯಿತು. ಹಿಡಿದರು, ಇನ್ನೇನು ಮಾಡುತ್ತಾರೆ? ಯುದ್ಧದಲ್ಲಿ ಸೆರೆಯಾದ ಮೊದಲ ಪೈಲಟ್ ಅವನೇ. 1915ರ ಜುಲೈ 30ರಂದು ಇರಾಕಿನಲ್ಲಿ, ಆಗಿನ ಮೆಸಪೊಟೇಮಿಯಾದಲ್ಲಿ, ಆಸ್ಟ್ರೇಲಿಯಾದ ಮರ್ಜ್ ಮತ್ತು ನ್ಯೂಜಿಲೆಂಡ್‌ನ ಬರ್ನ್ ಇಬ್ಬರೂ ಹೀಗೇ ಎಂಜಿನ್ ಕೆಟ್ಟು ಇಳಿದರು. ಸ್ಥಳೀಯ ಅರಬರ ಜೊತೆ ಗುಂಡಿನ ಕಾಳಗ ನಡೆದು ಇಬ್ಬರೂ ಸತ್ತರು. 1922ರಿಂದ ಇರಾಕಿನ ಕಾವಲನ್ನೇ ಬ್ರಿಟಿಷರು ವಾಯುಪಡೆಗೆ ವಹಿಸಿದರು. ಮಾತು ಕೇಳದ ಊರುಗಳ ಮೇಲೆ ಬಾಂಬ್ ಹಾಕುವುದು, ಆಮೇಲೆ ಕೆಟ್ಟು ಇಳಿದರೆ ಕಾಪಾಡಿ ಅಂತ ಚೀಟಿ ತೋರಿಸುವುದು. ಆ ಚೀಟಿ ಓದಿದವನಿಗೆ ನಗು ಬಂದಿರಬೇಕೋ ಸಿಟ್ಟು ಬಂದಿರಬೇಕೋ.

ಈಗ 1941-42ರ ಪೂರ್ವ ಲಿಬಿಯಾಕ್ಕೆ ಬನ್ನಿ. ಅಲ್ಲಿ ಆಳುತ್ತಿದ್ದವರು ಇಟಲಿಯವರು. ಸೆನುಸ್ಸಿ ಎಂಬ ಮುಸ್ಲಿಂ ಪಂಥದ ಬೆದುಯಿನ್ ಜನ, ಅಂದರೆ ಮರುಭೂಮಿಯ ಅಲೆಮಾರಿ ಅರಬರು, ಅವರ ವಿರುದ್ಧ ಇಪ್ಪತ್ತು ವರ್ಷ ಕಾದಾಡಿದ್ದರು. ಅದನ್ನು ಮುರಿಯಲಿಕ್ಕೆ ಇಟಲಿ 1930ರಲ್ಲಿ ಸುಮಾರು 1 ಲಕ್ಷ ಜನರನ್ನು ದನಕರು ಸಮೇತ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ನೂಕಿತು. ಹತ್ತಾರು ಸಾವಿರ ಜನ ಅಲ್ಲೇ ಸತ್ತರು. ಅವರ ನಾಯಕ, ಎಪ್ಪತ್ತು ದಾಟಿದ ಒಮರ್ ಮುಖ್ತಾರ್‌ನನ್ನು 1931ರ ಸೆಪ್ಟೆಂಬರ್ 16ರಂದು ಸುಲೂಕ್‌ನಲ್ಲಿ ಜನರ ಎದುರೇ ಗಲ್ಲಿಗೆ ಹಾಕಿದರು. ಹತ್ತು ವರ್ಷದ ಮೇಲೆ ಅದೇ ಜನರ ಡೇರೆಗೆ ಇಟಲಿಯ ಶತ್ರು ಒಬ್ಬ ಪೈಲಟ್ ಕುಂಟುತ್ತಾ ಬಂದರೆ ಬಚ್ಚಿಡದೆ ಇರುತ್ತಾರಾ? ಅವನಿಗೆ ಅರಬರ ಬಟ್ಟೆ ಉಡಿಸಿದರು, ಹಾಲು ಖರ್ಜೂರ ಕೊಟ್ಟರು, ಡೇರೆಯಿಂದ ಡೇರೆಗೆ ದಾಟಿಸಿದರು. ಸಿಕ್ಕಿಬಿದ್ದರೆ ತಮ್ಮ ತಲೆಗೇ ಬರುತ್ತದೆ ಅಂತ ಗೊತ್ತಿದ್ದೂ. 1942ರ ಜನವರಿಯಲ್ಲಿ, ಸೆನುಸ್ಸಿಗಳನ್ನು ಮತ್ತೆ ಇಟಲಿಯ ಕೈಗೆ ಕೊಡುವುದಿಲ್ಲ ಅಂತ ಬ್ರಿಟಿಷ್ ಮಂತ್ರಿ ಈಡನ್ ಪಾರ್ಲಿಮೆಂಟಿನಲ್ಲೇ ಮಾತು ಕೊಟ್ಟರು. ಅದಕ್ಕೂ ಬೆಲೆ ಇತ್ತು.

ದುಡ್ಡಿನ ಆಸೆ ಇರಲಿಲ್ಲವಾ ಅಂದರೆ, ಇತ್ತು. ಬಡವರು. ಪೈಲಟ್‌ಗಳನ್ನು ಶತ್ರುಗಳಿಗೆ ಹಿಡಿದುಕೊಟ್ಟವರೂ ಇದ್ದರು. ಆದರೆ ಬೆದುಯಿನ್‌ಗಳಲ್ಲಿ ಆಶ್ರಯ ಕೇಳಿ ಡೇರೆಗೆ ಬಂದವನು ಮನೆಯವನ ಹೊಣೆ. ಮೂರು ದಿನ ಉಪಚಾರ ಮಾಡುವುದು ಪದ್ಧತಿ. ಇದು ವಿಮಾನ ಹುಟ್ಟುವ ಎಷ್ಟೋ ಕಾಲಕ್ಕೆ ಮೊದಲಿಂದ ಇದೆ. ಪೈಲಟ್‌ಗಳನ್ನು ಉಳಿಸಿದ್ದು ಜಾಸ್ತಿ ಅದೇ, ಚೀಟಿ ಅಲ್ಲ ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಮರುಭೂಮಿಯಲ್ಲಿ ಮರ ಇಲ್ಲ, ಬೆಟ್ಟ ಇಲ್ಲ. ವಿಮಾನ ಇಳಿಸುವುದು ಸುಲಭ ಅಲ್ವಾ?
— ಸಿದ್ದಾಪುರದ ಕಾಲೇಜು ವಿದ್ಯಾರ್ಥಿ

ಉತ್ತರ: ಇಳಿಸುವುದು ಅಷ್ಟು ಕಷ್ಟವಲ್ಲ, ಗಟ್ಟಿ ಜಲ್ಲಿ ನೆಲ ಸಿಕ್ಕರೆ. ಮೆತ್ತನೆ ಮರಳಾದರೆ ಚಕ್ರ ಹೂತು ವಿಮಾನ ಮಗುಚುತ್ತದೆ, ಅದಕ್ಕೇ ಚಕ್ರ ಒಳಗೆ ಮಡಚಿ ಹೊಟ್ಟೆಯ ಮೇಲೆ ಜಾರಿಸುತ್ತಿದ್ದರು. ಕಷ್ಟ ಇರುವುದು ಆಮೇಲೆ. ಬ್ರಿಟಿಷ್ ಪೈಲಟ್ ಕಾಪಿಂಗ್ 1942ರ ಜೂನ್ 28ರಂದು ಈಜಿಪ್ಟ್‌ನಲ್ಲಿ ತನ್ನ ಕಿಟ್ಟಿಹಾಕ್ ಯುದ್ಧವಿಮಾನದ ಸಮೇತ ಕಾಣೆಯಾದ. ವಿಮಾನ ಸಿಕ್ಕಿದ್ದು 2012ರಲ್ಲಿ, ಹೆಚ್ಚು ಕಡಿಮೆ ಇಡಿಯಾಗಿ. ಪಕ್ಕದಲ್ಲಿ ಪ್ಯಾರಾಚೂಟ್ ಬಟ್ಟೆ ಬಿದ್ದಿತ್ತು, ನೆರಳಿಗೆ ಕಟ್ಟಿಕೊಂಡಿರಬೇಕು.

ಇನ್ನೊಂದು ಅಮೆರಿಕದ ಬಾಂಬರ್, ಲೇಡಿ ಬಿ ಗುಡ್. 1943ರ ಏಪ್ರಿಲ್ 4ರಂದು ಹೊರಟಿದ್ದು ಸುಲೂಕ್‌ನಿಂದಲೇ, ಮುಖ್ತಾರ್‌ನನ್ನು ಗಲ್ಲಿಗೇರಿಸಿದ ಅದೇ ಊರು. ವಾಪಸ್ ಬರುವಾಗ ರಾತ್ರಿ ದಾರಿ ತಪ್ಪಿ ಕಡಲತೀರ ದಾಟಿ ಸುಮಾರು 700 ಕಿಲೋಮೀಟರ್ ಒಳಗೆ ಹೋಗಿಬಿಟ್ಟಿತು. ಇಂಧನ ಮುಗಿದು ಒಂಬತ್ತು ಜನರೂ ಹಾರಿದರು. ಒಬ್ಬನ ಪ್ಯಾರಾಚೂಟ್ ಸರಿಯಾಗಿ ಬಿಚ್ಚಲಿಲ್ಲ. ಉಳಿದ ಎಂಟು ಜನ ಒಂದೇ ಒಂದು ಬಾಟಲಿ ನೀರು ಹಂಚಿಕೊಂಡು ದಿನಗಟ್ಟಲೆ ನಡೆದರು, ಯಾರೂ ಬದುಕಲಿಲ್ಲ. ಅಲ್ಲಿ ಬಾವಿಯಿಲ್ಲ, ಬಾವಿಯಿಲ್ಲದ ಕಡೆ ಬೆದುಯಿನ್ ಬರುವುದಿಲ್ಲ. ಸಹಾಯ ಕೇಳಲಿಕ್ಕೆ ಕೊನೆಗೆ ಒಬ್ಬ ಶತ್ರುವೂ ಇರಲಿಲ್ಲ. ತೈಲ ಹುಡುಕುವವರು 1958ರಲ್ಲಿ ಆಕಾಶದಿಂದ ವಿಮಾನ ಕಂಡರು, ಮರುವರ್ಷ ಜನ ಅಲ್ಲಿಗೆ ಹೋದಾಗ ಅದರಲ್ಲಿ ನೀರು ಹಾಗೇ ಉಳಿದಿತ್ತು.

ಪ್ರಶ್ನೆ: ಇದರಲ್ಲಿ ನಮ್ಮ ಕೊಡಗಿನವರು ಇರಲಿಲ್ವಾ?
— ವಿರಾಜಪೇಟೆಯ ಓದುಗರು

ಉತ್ತರ: ಈ ಪ್ರಶ್ನೆ ಬರದ ವಾರ ಇಲ್ಲ! ಅರಬ್ ನಾಡಿನಲ್ಲಿ ಕಾರ್ಯಪ್ಪನವರು ಇದ್ದರು, ಆದರೆ ನೆಲದ ಮೇಲೆ. 1941-42ರಲ್ಲಿ ಹತ್ತನೇ ಭಾರತೀಯ ಡಿವಿಷನ್ ಜೊತೆ ಇರಾಕ್, ಸಿರಿಯಾ, ಇರಾನ್ ಸುತ್ತಿದರು. ಆಕಾಶದಿಂದ ಶತ್ರು ನೆಲಕ್ಕೆ ಇಳಿದವರು ಅವರ ಮಗ ನಂದಾ ಕಾರ್ಯಪ್ಪ. ಅದು ಮರುಭೂಮಿಯಲ್ಲಲ್ಲ, ಪಾಕಿಸ್ತಾನದಲ್ಲಿ, 1965ರ ಸೆಪ್ಟೆಂಬರ್ 22ರಂದು. ಹಂಟರ್ ವಿಮಾನಕ್ಕೆ ನೆಲದಿಂದ ಗುಂಡು ತಗುಲಿ ಹಾರಿಕೊಂಡರು, ಬೆನ್ನುಮೂಳೆಗೆ ಪೆಟ್ಟಾಯಿತು, ಸೆರೆಯಾದರು, ಮರುವರ್ಷ ಬಿಡುಗಡೆಯಾಯಿತು. ಅದೇ ತಿಂಗಳ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ತೀರಿಕೊಂಡ ಅಜ್ಜಮಾಡ ದೇವಯ್ಯನವರ ಬಗ್ಗೆಯೂ ಮೂರು ಪತ್ರ ಬಂದಿವೆ. ಅವರ ಮಿಸ್ಟೇರ್ ವಿಮಾನ ಮತ್ತು ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನದ ನಡುವಿನ ಕಾಳಗಕ್ಕೆ ಇಲ್ಲಿ ಜಾಗ ಸಾಲದು, ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.