ಡಾಕ್ಟರ ಪ್ರಬಂಧಗಳ ಸಂಖ್ಯೆ ನೋಡಿ ನಂಬಬಹುದಾ?

ಅಪ್ಪನಿಗೆ ಹಂಟಿಂಗ್ಟನ್ ಕಾಯಿಲೆ (ಕೈಕಾಲು ತಾನಾಗೇ ಕುಣಿಯುವ, ವಂಶದಲ್ಲಿ ಬರುವ ನರರೋಗ), ತೋರಿಸಬೇಕೆಂದಿರುವ ಡಾಕ್ಟರ ಹೆಸರಲ್ಲಿ ಇನ್ನೂರು ಸಂಶೋಧನಾ ಪ್ರಬಂಧ ಕಾಣುತ್ತವೆ, ಇದರಿಂದ ಏನು ತಿಳಿಯಬೇಕು ಅಂತ ಕೇಳಿದ್ದೀರಿ. ಸಂಖ್ಯೆ ಒಂದನ್ನೇ ನೋಡಬೇಡಿ. ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ನಲ್ಲಿ ಪುಕ್ಕಟೆ ಹುಡುಕಬಹುದು, ಆದರೆ ಬರೀ ‘ಹೆಗಡೆ ಎಸ್’ ಅಂತ ಹಾಕಿದರೆ ಶಿರಸಿ ಪೇಟೆಯಲ್ಲಿ ನಿಂತು ‘ಹೆಗಡೇರೇ’ ಅಂತ ಕೂಗಿದ ಹಾಗೆ, ಹತ್ತು ಜನ ತಿರುಗಿ ನೋಡುತ್ತಾರೆ. ಆಸ್ಪತ್ರೆ, ಊರು ಹೊಂದುತ್ತಾ ಅಂತ ನೋಡಿಕೊಳ್ಳಿ.

ಪ್ರಬಂಧ ಬರೆದವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಹೆಚ್ಚು ಕೆಲಸ ಮಾಡಿದವರದ್ದು, ಕೊನೆಯದು ತಂಡದ ಹಿರಿಯರದ್ದು. ಆದರೆ ವಂಶದಲ್ಲಿ ಬರುವ ನರರೋಗಗಳಲ್ಲಿ ರೋಗಿಗಳೇ ಕಡಿಮೆ, ಹಾಗಾಗಿ ಹಲವು ಆಸ್ಪತ್ರೆಗಳು ಸೇರಿ ಬರೆಯುವುದು ಜಾಸ್ತಿ. ಮಧ್ಯದ ಹೆಸರು ಅಂದರೆ ಸುಮ್ನೆ ಸೇರಿಸಿದ್ದು ಅಂತಲ್ಲ. 1993ರಲ್ಲಿ ಹಂಟಿಂಗ್ಟನ್ ಜೀನ್ ಸಿಕ್ಕಾಗ ಆ ಪ್ರಬಂಧ ಬಂದಿದ್ದೇ ಒಂದು ತಂಡದ ಹೆಸರಲ್ಲಿ. ಇನ್ನು ಈ ಕಾಯಿಲೆಗೆ ಯಾರ ಹೆಸರಿದೆಯೋ ಆ ಡಾಕ್ಟರ್ ಜಾರ್ಜ್ ಹಂಟಿಂಗ್ಟನ್ ಅವರನ್ನು ನಾವು ನೆನೆಯುವುದು 1872ರ ಒಂದೇ ಬರಹದಿಂದ, ಅಲ್ವಾ?

ನಮ್ಮ ಚಿಕ್ಕಪ್ಪನಿಗೆ ಅಡಿಕೆ ಸುಲಿಯಲು ಕೂತರೆ ಕೈ ತಾನಾಗೇ ಕುಣಿಯುತ್ತಿತ್ತು, ಚಿಕ್ಕಮ್ಮ ಕತ್ತಿ ತೆಗೆದಿಡುತ್ತಿದ್ದರು. ಆಗ ನಾನು ಹುಡುಕಿದ್ದು ಇಂಥ ಮನೆಗಳನ್ನು ವರ್ಷಗಟ್ಟಲೆ ನೋಡಿ ಬರೆದವರನ್ನು. ಮಕ್ಕಳಿಗೆ ಬರುವ ಸಾಧ್ಯತೆ ಶೇ. 50, ಜೀನ್ ಪರೀಕ್ಷೆಗೆ ರಕ್ತ ತೆಗೆಯುವ ಮೊದಲು ಅವರ ಜೊತೆ ಕೂತು ಮಾತಾಡುವ ಡಾಕ್ಟರೇ ಬೇಕು.